ಎಂಟು ಲಕೋಟೆ, ಒಂದು ಶಿಖರ

“ಎಂಟು ದಿನ, ಎಂಟು ಲಕೋಟೆ! ಒಂದು ಬಿಡಿಗಾಸು ಹೆಚ್ಚಿಗೆ ಹೋಗೋದಿಲ್ಲ. ಬೆಟ್ಟದೂರಿಗೆ ಹೋಗಿ ಬರೋದು ಹೇಗೆ ಅಂತ ಲೋಕಕ್ಕೇ ತೋರಿಸಿಕೊಡ್ತೀನಿ, ನೋಡ್ತಾ ಇರಿ!”

ಪಂಪು ತಯಾರಿಸುವ ಕಾರ್ಖಾನೆಯ ಉಗ್ರಾಣದಲ್ಲಿ, ಬೋಲ್ಟುಗಳ ಗೂಡಿಗೆ ಬೆನ್ನು ಕೊಟ್ಟು, ಟೀ ಲೋಟ ಎತ್ತಿ ಹಿಡಿದು ಚೀಟಿ ಸಾಹೇಬರು ಹೀಗೆ ಘೋಷಿಸಿದಾಗ ಅಲ್ಲಿದ್ದ ನಾಲ್ಕೂ ಜನ ತಲೆದೂಗಿದರು. ತಲೆದೂಗದಿದ್ದರೆ ನಾಳೆಯಿಂದ ಒಂದು ವಾಷರೂ ಸಿಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಆ ಹೆಸರು ಅವರಿಗೆ ಸುಮ್ಮನೆ ಬಂದದ್ದಲ್ಲ. ಮೂವತ್ತೊಂದು ವರ್ಷದಿಂದ ಉಗ್ರಾಣದ ಕಿಟಕಿಯ ಹಿಂದೆ ಕೂತ ಈ ಮಹಾನುಭಾವರು ಚೀಟಿ ಇಲ್ಲದೆ ಒಂದು ಮೊಳೆಯನ್ನೂ ಹೊರಗೆ ಬಿಟ್ಟವರಲ್ಲ. ಒಮ್ಮೆ ಪಂಪುಗಳಿಗೆ ಬಣ್ಣ ಬಳಿಯುವ ಕೋಣೆಗೆ ಬೆಂಕಿ ಬಿತ್ತು. ಒಬ್ಬ ಕೆಲಸಗಾರ ಏದುಸಿರು ಬಿಡುತ್ತ ಓಡಿ ಬಂದು, “ಸಾರ್, ಮರಳಿನ ಬಕೆಟ್ಟು!” ಎಂದ. ಸಾಹೇಬರು ಕನ್ನಡಕದ ಮೇಲಿಂದ ನೋಡಿ, “ಚೀಟಿ?” ಎಂದರು. ಅವನು ಅಲ್ಲೇ ನಿಂತು ಚೀಟಿ ಬರೆದ. ಬೇಕಾದ ವಸ್ತು, ಪ್ರಮಾಣ, ಬೇಕಾದ ಸಮಯ, ಉದ್ದೇಶ, ಎಲ್ಲ ಕಲಮೂ ತುಂಬಿದ. ಮರಳು ಹೋಗಿ ತಲುಪುವಷ್ಟರಲ್ಲಿ ಬೆಂಕಿ ತಾನಾಗೇ ಆರಿತ್ತು, ಸುಡಲು ಅಲ್ಲಿ ಇನ್ನೇನೂ ಉಳಿದಿರಲಿಲ್ಲ. ಆದರೆ ದಾಖಲೆ ಮಾತ್ರ ಅಚ್ಚುಕಟ್ಟಾಗಿತ್ತು!

ಚೀಟಿಯ ಕೊನೆಯ ಕಲಮು ‘ಷರಾ’, ಅಂದರೆ ಟಿಪ್ಪಣಿ. ಅದನ್ನು ಬರೆಯುವ ಹಕ್ಕು ಉಗ್ರಾಣದವರಿಗೆ ಮಾತ್ರ. ಸಾಹೇಬರ ಜೀವಮಾನದ ಹೆಮ್ಮೆ ಇದ್ದದ್ದೇ ಆ ಕಲಮಿನಲ್ಲಿ. “ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಚೀಟಿ ಮೇಲೆ ‘ದಾಸ್ತಾನಿಲ್ಲ’ ಅಂತ ಬರೆದವನಲ್ಲ ನಾನು! ಕೇಳಿದ ಮಾಲು ಕೇಳಿದ ಹೊತ್ತಿಗೆ ನನ್ನ ಹತ್ರ ಇರುತ್ತೆ!” ಎಂದು ಅವರು ಮದುವೆ ಮನೆಗಳಲ್ಲೂ ಸಾವಿನ ಮನೆಗಳಲ್ಲೂ ಒಂದೇ ಉತ್ಸಾಹದಿಂದ ಹೇಳುತ್ತಿದ್ದರು.

ಮನೆಯಲ್ಲೂ ಇದೇ ರಾಜ್ಯಭಾರ. ಅವರ ಹೆಂಡತಿ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ಟೀಚರಮ್ಮ. ಮದುವೆಯಾದ ಹೊಸತರಲ್ಲಿ ಸಕ್ಕರೆ ಡಬ್ಬಿಯ ಪಕ್ಕ ಚೀಟಿ ಪುಸ್ತಕ ಕಂಡು ತಮಾಷೆ ಅಂದುಕೊಂಡು ನಕ್ಕಿದ್ದರು. ಮೂರನೇ ತಿಂಗಳಿಗೆ ನಗು ನಿಂತಿತು. ಆಮೇಲೆ ಅದೂ ಅಭ್ಯಾಸವಾಯಿತು. ಸಾಹೇಬರ ಮೇಲೆ ಸಿಟ್ಟು ಬಂದಾಗ ಅವರು ಜಗಳ ಆಡುತ್ತಿರಲಿಲ್ಲ, ಚೀಟಿ ಬರೆಯುತ್ತಿದ್ದರು. ‘ಬೇಕಾದ ವಸ್ತು: ಒಳ್ಳೆಯ ಮಾತು. ಪ್ರಮಾಣ: ಎರಡು.’ ಸಾಹೇಬರು ಷರಾ ಕಲಮಿನಲ್ಲಿ ‘ಮಂಜೂರಾಗಿದೆ’ ಎಂದು ಬರೆದು ಎರಡು ಒಳ್ಳೆಯ ಮಾತು ಆಡುತ್ತಿದ್ದರು. ಮೂರನೆಯದು ಆಡುತ್ತಿರಲಿಲ್ಲ.

ಈಗ ಬೆಟ್ಟದೂರಿನ ವಿಷಯ. ಹೋದ ವರ್ಷದಿಂದ ಟೀಚರಮ್ಮನ ಕಣ್ಣು ಕೈಕೊಡುತ್ತಿತ್ತು. ಕಣ್ಣೊಳಗಿನ ಒತ್ತಡ ಏರಿ ನರ ಒಣಗುವ ಕಾಯಿಲೆ. ಅಂಚಿನಿಂದ ಶುರುವಾಗಿ ನೋಟ ಕಿರಿದಾಗುತ್ತ ಬಂದು, ಕೊಳವೆಯೊಳಗಿಂದ ನೋಡಿದ ಹಾಗೆ ನಡುವೆ ಒಂದಿಷ್ಟೇ ಉಳಿದಿತ್ತು. ಎದುರಿಗೆ ನಿಂತವರ ಮೂಗು ಕಂಡರೆ ಕಿವಿ ಕಾಣದು. ಕಪ್ಪು ಹಲಗೆಯ ಒಂದು ಮೂಲೆ ಕಂಡರೆ ಇನ್ನೊಂದು ಮೂಲೆ ಮಾಯ. ಅವರು ಕೆಲಸ ಬಿಟ್ಟರು.

ಕಣ್ಣಿನ ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. “ಹೋಗಿರೋದು ವಾಪಸ್ ಬರಲ್ಲಮ್ಮ. ಉಳಿದಿರೋದು ಆರು ತಿಂಗಳೋ, ಒಂದು ವರ್ಷವೋ. ಏನಾದ್ರೂ ನೋಡಬೇಕು ಅಂತ ಆಸೆ ಇದ್ರೆ ಈಗಲೇ ನೋಡಿಬಿಡಿ.”

ಆಸ್ಪತ್ರೆಯ ಹಜಾರದ ಬೆಂಚಿನ ಮೇಲೆ ಇಬ್ಬರೂ ಕೂತರು. ಸಾಹೇಬರು, “ಇವಳೇ, ಹೆದರ್ಕೋಬೇಡ. ನಾನಿದ್ದೀನಲ್ಲ. ಕರೆದಾಗ ಪಕ್ಕದಲ್ಲೇ ಇರ್ತೀನಿ” ಎಂದರು.

“ನೀವಿರ್ತೀರಿ ಬಿಡಿ” ಎಂದರು ಟೀಚರಮ್ಮ. “ಏನೂಂದ್ರೆ, ಇಪ್ಪತ್ತಾರು ವರ್ಷ ಹಲಗೆ ಮೇಲೆ ಹಿಮದ ಶಿಖರ ಬರೆದಿದ್ದೀನಿ. ತ್ರಿಕೋನ, ಮೇಲ್ಗಡೆ ಬಿಳಿ ಸೀಮೆಸುಣ್ಣ. ಒಂದ್ಸಲಾನೂ ನಿಜವಾದ್ದು ನೋಡಿಲ್ಲ. ಅಷ್ಟು ಮಕ್ಕಳಿಗೆ ಸರಿಯಾಗಿ ಹೇಳಿದ್ನೋ ಸುಳ್ಳು ಹೇಳಿದ್ನೋ, ಅದೊಂದು ತಿಳ್ಕೋಬೇಕು.”

“ಅಷ್ಟೇ ತಾನೆ? ನೋಡಿಸ್ತೀನಿ!” ಎಂದರು ಸಾಹೇಬರು. ಆ ಹೊತ್ತಿನಲ್ಲಿ ಹೆಂಡತಿಗೆ ಸೂರ್ಯನನ್ನು ಬೇಕಾದರೂ ತಂದುಕೊಡುವಷ್ಟು ಪ್ರೀತಿ ಅವರಿಗಿತ್ತು. ಚೀಟಿ ಒಂದು ಬರೆದುಕೊಟ್ಟರೆ ಸಾಕಿತ್ತು.

ಶುರುವಾಯಿತು ಯೋಜನೆ! ಹದಿನೈದು ದಿನ ಊಟದ ಮೇಜು ಕಚೇರಿಯಾಯಿತು. ಬೆಟ್ಟದೂರಿನಲ್ಲಿ ಯಾವ ದಿನ ಎಲ್ಲಿಗೆ, ಯಾವ ವಾಹನದಲ್ಲಿ, ಎಷ್ಟಕ್ಕೆ, ಟೀ ಎಷ್ಟು ಸಲ, ಎಲ್ಲ ಬರೆದು ಎಂಟು ಕಂದು ಲಕೋಟೆಗಳಲ್ಲಿ ದುಡ್ಡು ತುಂಬಿದರು. ಮೊದಲ ದಿನ ಊರು ಸೇರುವುದು. ಎರಡನೆಯ ದಿನ ಸರೋವರ. ಮೂರನೆಯ ದಿನ ಬೆಳಗಿನ ಜಾವ ಜೀಪಿನಲ್ಲಿ ಶಿಖರ ನೋಡುವ ಕಟ್ಟೆ, ಸಾವಿರದ ಇನ್ನೂರು. ಏಳನೆಯದು ವಿಶ್ರಾಂತಿ, ವಾಹನ ವೆಚ್ಚ ಸೊನ್ನೆ. ಎಂಟನೆಯದು ವಾಪಸು ಬಸ್ಸು. ಪ್ರತಿ ಲಕೋಟೆಯ ಬಾಯಿಗೆ ಪಂಪಿನ ಕೀಲಿಗೆ ಹಚ್ಚುವ ಗೋಂದು ಬಳಿದು, ಅದರ ಮೇಲೆ ಅಡ್ಡಡ್ಡ ಸಹಿ ಹಾಕಿದರು. ಆ ಗೋಂದಿನ ಡಬ್ಬಿಗೂ ತಮಗೆ ತಾವೇ ಚೀಟಿ ಬರೆದುಕೊಂಡು, ಕಾರ್ಖಾನೆಗೆ ದುಡ್ಡು ಕಟ್ಟಿ ತಂದಿದ್ದರು ಎಂಬುದನ್ನು ಅವರ ಪರವಾಗಿ ಹೇಳಲೇಬೇಕು.

“ಇದು ಅಂತಿಂಥ ಗೋಂದಲ್ಲ! ನೀರಿಗೂ ಬಿಡಲ್ಲ, ಬಿಸಿಗೂ ಬಿಡಲ್ಲ. ಆಯಾ ದಿನ ಬೆಳಗ್ಗೆ ಬ್ಲೇಡಿನಿಂದ ಅಂಚು ಕತ್ತರಿಸೋದು, ಖರ್ಚು ಮಾಡೋದು. ನಾಳೆಯ ಲಕೋಟೆಗೆ ಇವತ್ತು ಕೈ ಹಾಕೋ ಹಾಗಿಲ್ಲ. ನಿಯಮ ಅಂದ್ರೆ ನಿಯಮ.”

“ಮೋಡ ಕವಿದಿದ್ರೆ?” ಎಂದರು ಟೀಚರಮ್ಮ.

“ಯಾವ ಮೋಡ?”

“ಮೂರನೇ ದಿನ. ಶಿಖರದ ಮುಂದೆ.”

ಸಾಹೇಬರು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು. ಮೋಡ ಎಂಬ ಬಾಬತ್ತು ಅದರಲ್ಲಿ ಇರಲಿಲ್ಲ. “ಕವಿಯಲ್ಲ” ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು.

ಬೆಟ್ಟದೂರಿನ ಲಾಡ್ಜಿಗೆ ಒಬ್ಬ ಯಜಮಾನಿ ಇದ್ದರು. ದಪ್ಪ ಸ್ವೆಟರು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಆ ಗೊಂಚಲು ನೋಡಿದ್ದೇ ಸಾಹೇಬರಿಗೆ ಆಕೆಯ ಮೇಲೆ ಗೌರವ ಹುಟ್ಟಿತು. ಆಕೆ, “ಮುಂದ್ಗಡೆ ರೂಮು ತಗೊಳ್ಳಿ ಸಾರ್. ಮೋಡ ಸರಿದ್ರೆ ಹಾಸಿಗೆಯಿಂದಲೇ ಶಿಖರ ಕಾಣುತ್ತೆ. ದಿನಕ್ಕೆ ನೂರೈವತ್ತು ಜಾಸ್ತಿ, ಅಷ್ಟೇ” ಎಂದಾಗ ಆ ಗೌರವ ಅಷ್ಟೇ ಬೇಗ ಇಳಿಯಿತು.

“ಮಲಗಿದ ಮೇಲೆ ಎಲ್ಲಾ ರೂಮೂ ಒಂದೇ ಅಮ್ಮ. ಹಿಂದ್ಗಡೆದೇ ಕೊಡಿ.”

ಹಿಂದಿನ ಕೋಣೆಯ ಕಿಟಕಿ ತೆಗೆದರೆ ಒಂದು ಗೋಡೆ, ಗೋಡೆಯ ಮೇಲೆ ಒಂದು ಕೊಳಾಯಿ. ಕೊಳಾಯಿ ಸೋರುತ್ತಿತ್ತು. ಯಾವ ಅಳತೆಯ ವಾಷರು ಹಾಕಿದರೆ ನಿಲ್ಲುತ್ತದೆಂದು ಸಾಹೇಬರು ಟೀಚರಮ್ಮನಿಗೆ ವಿವರಿಸಿ ಮೊದಲ ದಿನವನ್ನು ಸಾರ್ಥಕಗೊಳಿಸಿದರು.

ಎರಡನೆಯ ದಿನ ಸರೋವರಕ್ಕೆ ಹೊರಟಾಗ ಜೀಪಿನವನ ಜತೆ ಕದನ. ಹತ್ತುವುದಕ್ಕೂ ಇಳಿಯುವುದಕ್ಕೂ ಒಂದೇ ಬಾಡಿಗೆ ಎಂದ ಅವನು.

“ಇಳಿಯೋವಾಗ ಪೆಟ್ರೋಲ್ ಯಾಕಪ್ಪಾ ಬೇಕು? ಅದೇ ಉರುಳ್ಕೊಂಡು ಹೋಗುತ್ತಲ್ಲ! ಅರ್ಧ ತಗೋ.”

“ಆಯ್ತು ಸಾರ್. ಹಾಗಾದ್ರೆ ಹತ್ತೋವಾಗ ಡಬಲ್ ಕೊಡಿ.”

ಸಾಹೇಬರು ಲೆಕ್ಕ ಹಾಕಿ ನೋಡಿ ಬೆಪ್ಪಾಗಿ ಪೂರ್ತಿ ಬಾಡಿಗೆಯನ್ನೇ ಕೊಟ್ಟರು. ಟೀಚರಮ್ಮ ಅವತ್ತು ನಕ್ಕ ಹಾಗೆ ವರ್ಷದಿಂದ ನಕ್ಕಿರಲಿಲ್ಲ. ಸರೋವರವನ್ನು ಅವರು ತುಂಡು ತುಂಡಾಗಿ ನೋಡಿದರು. ಕೊಳವೆಯಂಥ ನೋಟವನ್ನು ಅತ್ತಿತ್ತ ಆಡಿಸುತ್ತ, “ಇದು ದೋಣಿ, ಇದರ ಪಕ್ಕ ಏನಿದೆ ಹೇಳಿ, ಇನ್ನೂ ಎಡಕ್ಕಾ?” ಎಂದು ಕೇಳುತ್ತಿದ್ದರು. ಸಾಹೇಬರು ಅವರ ಗಲ್ಲ ಹಿಡಿದು ಮೆಲ್ಲಗೆ ತಿರುಗಿಸುತ್ತ, “ಇನ್ನೂ ಸ್ವಲ್ಪ. ಹಾಂ, ಮೇಲೆ. ಅದೇ ಸೇತುವೆ” ಎಂದು ತೋರಿಸುತ್ತಿದ್ದರು. ಯಾರಾದರೂ ಹೀಗೆ ದಿಕ್ಕು ಹೇಳಿದರೆ ಮಾತ್ರ ಟೀಚರಮ್ಮನಿಗೆ ದೂರದ ವಸ್ತು ಸಿಗುತ್ತಿತ್ತು. ಇಲ್ಲದಿದ್ದರೆ ಕತ್ತಲಲ್ಲಿ ಕಳೆದ ಸೂಜಿ ಹುಡುಕಿದ ಹಾಗೆ. ಇಡೀ ಪ್ರವಾಸದಲ್ಲಿ ಸಾಹೇಬರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಅದಕ್ಕೆ ಒಂದು ಕಾಸೂ ಖರ್ಚಾಗಿರಲಿಲ್ಲ, ಹಾಗಾಗಿ ಅದು ಅವರ ಪುಸ್ತಕದಲ್ಲಿ ದಾಖಲಾಗಲೂ ಇಲ್ಲ.

ಮೂರನೆಯ ದಿನ ಬಂತು. ಬ್ಲೇಡು, ಲಕೋಟೆ, ಸಾವಿರದ ಇನ್ನೂರು. ಜೀಪು ಹದಿನಾಲ್ಕು ತಿರುವು ಹತ್ತಿ ಕಟ್ಟೆ ಮುಟ್ಟಿತು. ಎದುರಿಗೆ ಮೋಡ! ಮೇಲೆ ಮೋಡ, ಕೆಳಗೆ ಮೋಡ, ಪಕ್ಕದಲ್ಲಿ ನಿಂತ ಜೀಪಿನವನ ಬೀಡಿಯ ತುದಿ ಬಿಟ್ಟರೆ ಉಳಿದದ್ದೆಲ್ಲ ಮೋಡ.

“ಶಿಖರ ಯಾವ ಕಡೆ ಇದೇಂದ್ರೆ?”

“ಎದುರಿಗೇ ಇದೆ. ಮೋಡದ ಹಿಂದೆ.”

“ಇಂಥದ್ದನ್ನ ನಮ್ಮ ಹಿತ್ತಲ ಗೋಡೆ ಮೇಲೂ ನೋಡಬಹುದಿತ್ತು.”

ಒಂದೂವರೆ ಗಂಟೆ ಚಳಿಯಲ್ಲಿ ನಡುಗಿ ವಾಪಸು ಬಂದರು. ಸಾಹೇಬರು ಪಟ್ಟಿಯಲ್ಲಿ ‘ಶಿಖರ’ದ ಮುಂದೆ ಸರಿ ಗುರುತು ಹಾಕಿದರು.

“ನೋಡಿಲ್ವಲ್ರೀ, ಸರಿ ಯಾಕೆ ಹಾಕಿದ್ರಿ?”

“ಹೋದ್ವಾ? ಹೋದ್ವಿ. ಖರ್ಚಾಯ್ತಾ? ಆಯ್ತು. ನೋಡೋದು ಬಿಡೋದು ಲೆಕ್ಕದಲ್ಲಿ ಬರಲ್ಲ.”

“ಇನ್ನೊಂದು ದಿನ ಹೋಗೋಣ. ಬೇರೆ ಲಕೋಟೆಯಿಂದ ತೆಗೀರಿ.”

“ಒಂದು ಬಾಬತ್ತಿನ ದುಡ್ಡು ಇನ್ನೊಂದು ಬಾಬತ್ತಿಗೆ ಹೋಗಲ್ಲ ಇವಳೇ. ಹಾಗೆ ಬಿಟ್ಟಿದ್ರೆ ಕಾರ್ಖಾನೆ ಎಂದೋ ಮುಚ್ಚಿರೋದು!”

ಸಂಜೆ ಟೀಚರಮ್ಮ ಚೀಟಿ ಪುಸ್ತಕ ಕೇಳಿ ತೆಗೆದುಕೊಂಡರು. ಹೌದು, ಚೀಟಿ ಪುಸ್ತಕ ಬೆಟ್ಟದೂರಿಗೂ ಬಂದಿತ್ತು! ದಪ್ಪ ಅಕ್ಷರದಲ್ಲಿ, ಸಾಲು ಜಾರಿಸುತ್ತ ಬರೆದರು. ‘ಬೇಕಾದ ವಸ್ತು: ಶಿಖರ. ಪ್ರಮಾಣ: ಒಂದು. ಬೇಕಾದ ಸಮಯ: ಮೋಡ ಇಲ್ಲದಾಗ. ಉದ್ದೇಶ: ನೋಡಲು.’

ಚೀಟಿ ಕೈಗೆ ಬಂದ ಮೇಲೆ ಸಾಹೇಬರು ಪೇಚಿಗೆ ಸಿಕ್ಕರು. ‘ದಾಸ್ತಾನಿಲ್ಲ’ ಎಂದು ಬರೆದರೆ ಮೂವತ್ತೊಂದು ವರ್ಷದ ಕೀರ್ತಿ ಮಣ್ಣುಪಾಲು. ಕೊಡೋಣವೆಂದರೆ ನಿಯಮ ಅಡ್ಡ. ತುಂಬ ಹೊತ್ತು ಪೆನ್ನು ಕಚ್ಚಿ ಷರಾ ಕಲಮಿನಲ್ಲಿ ‘ಪರಿಶೀಲನೆಯಲ್ಲಿದೆ’ ಎಂದು ಬರೆದರು. ಆಮೇಲೆ ಪರಿಶೀಲಿಸಿದರು. ಥಟ್ಟನೆ ಹೊಳೆಯಿತು!

“ನಾಳೆಯಿಂದ ಮೂರು ದಿನ ಎಲ್ಲಾ ಕಡೆ ನಡ್ಕೊಂಡೇ ಹೋಗೋಣ! ಆಯಾ ಲಕೋಟೆಯಲ್ಲಿ ಉಳಿದಿದ್ದು ಆಯಾ ಲಕೋಟೆಯ ಉಳಿತಾಯ. ಉಳಿತಾಯ ಯಾವ ಬಾಬತ್ತಿಗೂ ಸೇರಿದ್ದಲ್ಲ. ಅದರಲ್ಲಿ ಇನ್ನೊಂದು ಜೀಪು! ನಿಯಮಾನೂ ಉಳೀತು, ಶಿಖರಾನೂ ಬಂತು! ಹೇಗಿದೆ?”

“ಚೆನ್ನಾಗಿದೆ” ಎಂದರು ಟೀಚರಮ್ಮ. “ಕಾಲು ಯಾರದು?”

ಬೆಟ್ಟದೂರಿನಲ್ಲಿ ನಡೆಯುವುದೆಂದರೆ ಮೆಟ್ಟಿಲು. ಲಾಡ್ಜಿನಿಂದ ಪೇಟೆಗೆ ಮುನ್ನೂರ ಹನ್ನೆರಡು. ಯಾವ ಮೆಟ್ಟಿಲೂ ಇನ್ನೊಂದರ ಹಾಗಿರಲಿಲ್ಲ. ಪಾದ ನೋಡಿದರೆ ಮುಂದಿನ ಮೆಟ್ಟಿಲು ಕಾಣದ, ಮುಂದಿನ ಮೆಟ್ಟಿಲು ನೋಡಿದರೆ ಪಾದ ಕಾಣದ ಹೆಂಗಸು ಅದನ್ನು ಹತ್ತಿ ಇಳಿದರು, ಮೂರು ದಿನ. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಸಾಹೇಬರ ತೋಳು. ಟೀ ಒಂದನ್ನು ಇಬ್ಬರೂ ಹಂಚಿ ಕುಡಿದರು. ಮೂರನೆಯ ದಿನ, ಅಂದರೆ ಪ್ರವಾಸದ ಆರನೆಯ ದಿನ, ಮಧ್ಯಾಹ್ನದ ಹೊತ್ತಿಗೆ ಉಳಿತಾಯ ಒಂಬೈನೂರ ಅರವತ್ತು ಮುಟ್ಟಿತು. ಸಾಹೇಬರಿಗೆ ಆನಂದ ತಡೆಯಲಾಗಲಿಲ್ಲ. ಆ ಅಂಕಿಯನ್ನು ಆಗಲೇ, ಅಲ್ಲೇ, ಮೆಟ್ಟಿಲ ಮೇಲೇ ಬರೆದುಕೊಳ್ಳಬೇಕೆನಿಸಿತು. ಬರೆಯಬೇಕಾದರೆ ಎರಡೂ ಕೈ ಬೇಕು. ತೋಳು ಬಿಡಿಸಿಕೊಂಡರು.

‘ಒಂಬೈನೂರ’ ಎಂದು ಬರೆದಿದ್ದರು, ‘ಅರವತ್ತು’ ಬರೆಯುವಷ್ಟರಲ್ಲಿ ಹಿಂದೆ ಸದ್ದಾಯಿತು. ತಿರುಗಿದರೆ ಟೀಚರಮ್ಮ ನಾಲ್ಕು ಮೆಟ್ಟಿಲು ಕೆಳಗೆ ಕೂತಿದ್ದರು, ಒಂದು ಕಾಲು ಆಗಬಾರದ ರೀತಿಯಲ್ಲಿ ಮಡಚಿಕೊಂಡಿತ್ತು. ಅವರು ಕೂಗಲಿಲ್ಲ. “ಎಲ್ಲಿದ್ದೀರಿ?” ಎಂದು ಮಾತ್ರ ಕೇಳಿದರು, ಸಾಹೇಬರು ಇಲ್ಲದ ದಿಕ್ಕಿಗೆ ಮುಖ ಮಾಡಿ.

ಮೂಳೆ ಮುರಿದಿರಲಿಲ್ಲ, ಅದೊಂದು ಪುಣ್ಯ. ಪಾದದ ಕೀಲು ಉಳುಕಿ ಮಡಕೆಯ ಹಾಗೆ ಊದಿತ್ತು. ಡಾಕ್ಟರ ಫೀಸು, ಎಕ್ಸ್‌ರೇ, ಪಟ್ಟಿ, ಮುಲಾಮು, ಲಾಡ್ಜಿನವರೆಗೆ ಜೀಪು. ಒಟ್ಟು ಸಾವಿರದ ಹತ್ತು. ಮೂರು ದಿನ ಮೆಟ್ಟಿಲು ಸವೆಸಿ ಉಳಿಸಿದ್ದರ ಮೇಲೆ ಐವತ್ತು ಹೆಚ್ಚಿಗೆ!

ಹಾಸಿಗೆಯ ಮೇಲೆ ಕಾಲು ಚಾಚಿ ಕೂತ ಟೀಚರಮ್ಮ ಕೇಳಿದರು. “ನನ್ನ ಕಾಲು ಯಾವ ಬಾಬತ್ತು?”

“ಆಕಸ್ಮಿಕ” ಎಂದರು ಸಾಹೇಬರು, ಪುಸ್ತಕದಿಂದ ತಲೆ ಎತ್ತದೆ. ಹೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು. ಹೆಂಡತಿಯ ಕಾಲನ್ನು ಮಡಿಲಲ್ಲಿಟ್ಟುಕೊಂಡು ಮುಲಾಮು ತಿಕ್ಕಿದರು. ಅವತ್ತು ಅವರಿಗೆ ಊಟ ಸೇರಲಿಲ್ಲ. ಊಟ ಬಿಟ್ಟಿದ್ದರಿಂದ ಉಳಿದದ್ದನ್ನು, ಆಶ್ಚರ್ಯವೆಂದರೆ, ಅವರು ಬರೆದುಕೊಳ್ಳಲೂ ಇಲ್ಲ.

ಏಳನೆಯ ದಿನ. ವಿಶ್ರಾಂತಿ. ವಾಹನ ವೆಚ್ಚ ಸೊನ್ನೆ. ಬೆಳಗ್ಗೆ ಆರು ಗಂಟೆಗೆ ಯಾರೋ ಬಾಗಿಲು ದಬದಬ ಬಡಿದರು. ಜೀಪಿನವನು!

“ಸಾರ್, ಏಳಿ, ಏಳಿ! ಆಕಾಶ ತೊಳೆದಿಟ್ಟ ಹಾಗಿದೆ! ಹತ್ತು ದಿನದ ಮೇಲೆ ಇವತ್ತೇ ಬಿಟ್ಟಿರೋದು. ಏಳಕ್ಕೆಲ್ಲ ಮತ್ತೆ ಮುಚ್ಚುತ್ತೆ. ಅಮ್ಮಾವ್ರನ್ನ ಎತ್ಕೊಂಡಾದ್ರೂ ಬನ್ನಿ!”

ಅವನ ಹಿಂದೆಯೇ ಯಜಮಾನಿ. “ಜೀಪ್ ಯಾಕೆ? ಮೇಲೆ ಬಟ್ಟೆ ಒಣಗಿಸೋ ಮಾಳಿಗೆಯಿಂದಲೇ ಕಾಣ್ತಿದೆ. ಬನ್ನಿ ಟೀಚರಮ್ಮ, ನನ್ನ ಹೆಗಲು ಹಿಡ್ಕೊಳ್ಳಿ. ಸಾರ್, ನೀವೂ ಬನ್ನಿ.”

ಟೀಚರಮ್ಮ ಒಂಟಿ ಕಾಲಲ್ಲಿ ಎದ್ದೇಬಿಟ್ಟರು. ಅವರ ಮುಖ ನೋಡಿ ಸಾಹೇಬರ ಹೃದಯ ಉಕ್ಕಿ ಬಂತು. ಮಾಳಿಗೆಯೇ? ಒಣಗಿಸಿದ ಬನಿಯನ್ನುಗಳ ನಡುವಿನಿಂದ ಶಿಖರ ನೋಡುವುದೇ? ಛೆ! ಮಾಳಿಗೆ ಪುಕ್ಕಟೆ. ಪುಕ್ಕಟೆ ಬಂದ ಮಾಲಿನಲ್ಲಿ ಏನೋ ಐಬಿರುತ್ತದೆಂಬುದು ಅವರ ಮೂವತ್ತೊಂದು ವರ್ಷದ ಅನುಭವ. ತನ್ನ ಹೆಂಡತಿ ಮೊದಲನೇ ದರ್ಜೆಯ ಶಿಖರವನ್ನೇ, ಸಾವಿರದ ಇನ್ನೂರರ ಕಟ್ಟೆಯಿಂದಲೇ ನೋಡಬೇಕು!

“ನೀನು ಮೇಲೆ ಹೋಗಿರು ಇವಳೇ, ಗಾಳಿ ತಗೋ. ನಾನು ಜೀಪಿಗೆ ವ್ಯವಸ್ಥೆ ಮಾಡಿ ಎರಡೇ ನಿಮಿಷದಲ್ಲಿ ಬಂದೆ!”

“ದುಡ್ಡು ಆಮೇಲೆ ಕೊಡಿ ಸಾರ್” ಎಂದ ಜೀಪಿನವನು.

“ಸಾಲದ ಶಿಖರಾನಾ? ನನ್ನ ಹೆಂಡತಿಗಾ? ಹೋಗಯ್ಯ, ಇಂಜಿನ್ ಶುರು ಮಾಡು!”

ಹಾಗೆಂದು ಅವರು ಮಾಡಿದ ತೀರ್ಮಾನ ಸಣ್ಣದಲ್ಲ. ನಾಳೆಯ ಲಕೋಟೆಗೆ ಇವತ್ತು ಕೈ ಹಾಕುವುದು! ನಾಳೆ ಊರಿಗೆ ಹೋಗುವುದು ಹೇಗೆ? ಏನಾದರಾಗಲಿ! ಬಾಳಿನಲ್ಲಿ ಮೊದಲ ಸಲ ಸಾಹೇಬರು ನಿಯಮವನ್ನು ಗಾಳಿಗೆ ತೂರಿದರು. ಅಲ್ಲ, ತೂರಲು ಸಿದ್ಧರಾದರು. ಬ್ಲೇಡು ಎತ್ತಿಕೊಂಡವರು ಸಹಿ ನೋಡಿ ನಿಂತರು. ನಾಳೆಯ ತಾರೀಕಿನ ಲಕೋಟೆ ಇವತ್ತು ಕತ್ತರಿಸಿದ್ದು ಎಂದೆಂದಿಗೂ ದಾಖಲೆಯಾಗಿ ಉಳಿಯುತ್ತದಲ್ಲ? ಆವಿಯಲ್ಲಿ ಹಿಡಿದು ಮೆಲ್ಲಗೆ ಬಿಡಿಸಿದರೆ? ದುಡ್ಡು ತೆಗೆದು, ‘ಮುಂಗಡ’ ಎಂದು ಚೀಟಿ ಬರೆದು ಒಳಗಿಟ್ಟು, ಮತ್ತೆ ಅಂಟಿಸಿದರೆ ಯಾರಿಗೆ ಗೊತ್ತು? ಕೇಳುವವರು ಯಾರೂ ಇರಲಿಲ್ಲ, ಆ ಮಾತು ಬೇರೆ. ಕೋಣೆಯಲ್ಲಿದ್ದ ಟೀ ಕೆಟಲಿಗೆ ನೀರು ಸುರಿದು ಗುಂಡಿ ಒತ್ತಿದರು.

ಮಾಳಿಗೆಯಿಂದ ಟೀಚರಮ್ಮನ ದನಿ ಬಂತು. “ಏನೂಂದ್ರೆ, ಬನ್ನಿ! ಯಜಮಾನಿ ಕೆಳಗೆ ಹೋದ್ರು, ಹಾಲು ಉಕ್ಕುತ್ತಂತೆ! ನನಗೆ ಸಿಕ್ತಾ ಇಲ್ಲ!”

“ಬಂದೆ, ಒಂದೇ ನಿಮಿಷ!”

ನೀರು ಕುದಿಯಿತು. ಲಕೋಟೆಯನ್ನು ಆವಿಯಲ್ಲಿ ಹಿಡಿದರು. ಗೋಂದು ಜಗ್ಗಲಿಲ್ಲ. ನೀರಿಗೂ ಬಿಡಲ್ಲ, ಬಿಸಿಗೂ ಬಿಡಲ್ಲ! ಸಹಿ ಮಾತ್ರ ಕರಗಿ ನೀಲಿಯಾಗಿ ಮಣಿಕಟ್ಟಿನವರೆಗೆ ಹರಿಯಿತು.

“ಏನೂಂದ್ರೆ! ಎಡಕ್ಕೋ ಬಲಕ್ಕೋ, ಅದೊಂದು ಬಂದು ಹೇಳಿ!”

“ಬಂದೇಬಿಟ್ಟೆ!”

ಹೊರಗೆ ಜೀಪು ಹಾರನ್ನು ಬಾರಿಸುತ್ತಿತ್ತು. ಸಾಹೇಬರು ಬೆರಳು ಸುಟ್ಟುಕೊಂಡರು. ಚಮಚ ತೂರಿಸಿದರು, ಚಮಚ ಬಾಗಿತು. ಹಲ್ಲಿನಿಂದ ಎಳೆದರು. ಲಕೋಟೆ ಒದ್ದೆಯಾಗಿ ಒಳಗಿನ ನೋಟುಗಳ ಸಮೇತ ಒಂದು ಉಂಡೆಯಾಯಿತು.

“ಬನ್ರೀ...” ಮೂರನೆಯ ಸಲ ದನಿ ಅಷ್ಟು ಜೋರಾಗಿರಲಿಲ್ಲ.

ಕೊನೆಗೆ ಸಾಹೇಬರು ಕಣ್ಣು ಮುಚ್ಚಿ ಲಕೋಟೆಯನ್ನು ಪರ್ರೆಂದು ಹರಿದರು! ನೋಟುಗಳಲ್ಲಿ ಎರಡು ಅದರೊಂದಿಗೆ ಹರಿದುಹೋದವು. ಉಳಿದ ಒದ್ದೆ ನೋಟುಗಳನ್ನು ಮುಷ್ಟಿಯಲ್ಲಿ ಹಿಡಿದು, ಯುದ್ಧ ಗೆದ್ದ ದಳಪತಿಯಂತೆ ಮಾಳಿಗೆಯ ಮೆಟ್ಟಿಲು ಹಾರಿ ಹಾರಿ ಹತ್ತಿದರು.

“ಸಿಕ್ತು ಇವಳೇ! ನಡಿ, ಜೀಪು ಕಾಯ್ತಿದೆ! ಈ ಸಲ...”

ಮಾಳಿಗೆಯಲ್ಲಿ ಎಲ್ಲ ಬಿಳಿ. ಹಗ್ಗದ ಮೇಲಿನ ಹೊದಿಕೆಗಳು ಬಿಳಿ, ಅವುಗಳ ಆಚೆ ಮೋಡ ಬಿಳಿ. ಟೀಚರಮ್ಮ ಕಂಬಿ ಹಿಡಿದು ಒಂಟಿ ಕಾಲಲ್ಲಿ ನಿಂತಿದ್ದರು. ಅವರ ಮುಖ ನೀರಿನ ಟ್ಯಾಂಕಿನ ಕಡೆಗಿತ್ತು.

“ಯಜಮಾನಿ ಸರಿಯಾದ ಕಡೆ ನಿಲ್ಸಿ ಹೋಗಿದ್ರು” ಎಂದರು ಅವರು. “ಮೊದಲು ಆಕಾಶ ಸಿಕ್ತು. ಕೆಳಗೆ ನೋಡಿದ್ರೆ ಮರ. ನಡುವೆ ಎಲ್ಲೋ ಇರ್ಬೇಕು ಅಂತ ತಲೆ ಆಡಿಸ್ದೆ. ಒಂದ್ಸಲ ಏನೋ ಬೆಳ್ಳಗಿನ ಅಂಚು ಬಂತು, ಇಷ್ಟಗಲ. ತಿರುಗಿ ಹುಡುಕಿದ್ರೆ ಇಲ್ಲ. ಆಮೇಲೆ ಯಾವ ಕಡೆ ತಿರುಗಿದ್ದೀನಿ ಅನ್ನೋದೇ ಮರೆತುಹೋಯ್ತು.” ಸಾಹೇಬರ ಕಡೆ ಮುಖ ತಿರುಗಿಸಿ ಕೇಳಿದರು. “ಎಲ್ಲಿತ್ತೂಂದ್ರೆ? ಯಾವ ಕಡೆ?”

ಸಾಹೇಬರು ನಾಲ್ಕೂ ಕಡೆ ನೋಡಿದರು. ಅವರಿಗೂ ಗೊತ್ತಿರಲಿಲ್ಲ. ಮುಷ್ಟಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅರವತ್ತರ ಹತ್ತಿರದ ಗಂಡಸು ಬೆಡ್‌ಶೀಟುಗಳ ನಡುವೆ ನಿಂತು ಅತ್ತರೆ ಚೆನ್ನಾಗಿರುವುದಿಲ್ಲವೆಂದು ಅಳು ನುಂಗಿಕೊಂಡರು. ಕೆಳಗಿನಿಂದ ಜೀಪಿನವನು, “ಮುಚ್ಚೋಯ್ತು ಸಾರ್!” ಎಂದು ಕೂಗಿ ಇಂಜಿನು ಆರಿಸಿದ.

ಮಾರನೆಯ ದಿನ ಹರಿದ ನೋಟುಗಳಿಗೆ ಟೇಪು ಅಂಟಿಸಿ, ಒದ್ದೆ ನೋಟುಗಳನ್ನು ಯಜಮಾನಿಯ ಇಸ್ತ್ರಿಪೆಟ್ಟಿಗೆಯಿಂದ ಒಣಗಿಸಿ ಬಸ್ಸು ಹತ್ತಿದರು. ನಡೆದದ್ದನ್ನೆಲ್ಲ ಸಾಹೇಬರು ರಾತ್ರಿಯೇ ಹೆಂಡತಿಗೆ ಹೇಳಿದ್ದರು, ಕೆಟಲು, ಆವಿ, ಚಮಚ, ಒಂದನ್ನೂ ಬಿಡದೆ. ಟೀಚರಮ್ಮ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬಸ್ಸು ಕಿಕ್ಕಿರಿದಿತ್ತು. ಮೂರನೆಯ ತಿರುವಿನಲ್ಲಿ ಅವರು ಕೈ ಚಾಚಿದರು.

“ಚೀಟಿ ಪುಸ್ತಕ ಕೊಡಿ.”

“ಈಗಲಾ? ಬಸ್ಸಲ್ಲಾ?”

“ಕೊಡಿ.”

ತೊಡೆಯ ಮೇಲಿಟ್ಟುಕೊಂಡು, ಬೆರಳಿನಿಂದ ಗೆರೆ ತಡವುತ್ತ, ಮುಖ ಕಾಗದಕ್ಕೆ ತಾಗುವಷ್ಟು ಬಗ್ಗಿ ಬರೆದರು. ಬರೆದು ಸಾಹೇಬರ ಕೈಗಿತ್ತರು. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು, ಆದರೂ ಓದಬಹುದಿತ್ತು.

‘ಬೇಕಾದ ವಸ್ತು: ಗಂಡ. ಪ್ರಮಾಣ: ಒಂದು. ಬೇಕಾದ ಸಮಯ: ನಿನ್ನೆ ಬೆಳಗ್ಗೆ ಆರೂ ಇಪ್ಪತ್ತು. ಉದ್ದೇಶ: ಎಡಕ್ಕೋ ಬಲಕ್ಕೋ ಹೇಳಲು.’

“ಷರಾ ಖಾಲಿ ಬಿಟ್ಟಿದ್ದೀನಿ” ಎಂದರು ಟೀಚರಮ್ಮ. “ಅದನ್ನ ಉಗ್ರಾಣದವರೇ ಬರೀಬೇಕಲ್ಲ. ನಿಯಮ.”

ಸಾಹೇಬರು ಪೆನ್ನು ತೆಗೆದರು. ಮೂರು ತಿರುವು ಕಳೆದರೂ ಬರೆಯಲಾಗಲಿಲ್ಲ. ‘ಪರಿಶೀಲನೆಯಲ್ಲಿದೆ’ ಎನ್ನಲು ಪರಿಶೀಲಿಸುವುದೇನೂ ಉಳಿದಿರಲಿಲ್ಲ. ನಾಲ್ಕನೆಯ ತಿರುವಿನಲ್ಲಿ ಒಂದೇ ಪದ ಬರೆದು, ಕೆಳಗೆ ಪೂರ್ತಿ ಸಹಿ ಹಾಕಿ, ತಾರೀಕು ನಮೂದಿಸಿದರು.

“ಓದಿ.”

“ಇಲ್ಲಿ ಬೇಡ ಇವಳೇ. ಜನ ಇದ್ದಾರೆ.”

“ನನಗೆ ಕಾಣಲ್ಲ. ಓದಿ.”

“ದಾಸ್ತಾನಿಲ್ಲ” ಎಂದರು ಚೀಟಿ ಸಾಹೇಬರು.

“ಇಂಜಿನ್ ಸದ್ದು. ಇನ್ನೊಂದ್ಸಲ, ಗಟ್ಟಿಯಾಗಿ.”

“ದಾಸ್ತಾನಿಲ್ಲ!”

ಮುಂದಿನ ಸೀಟಿನ ನಾಲ್ಕು ಜನ ತಿರುಗಿ ನೋಡಿದರು. ಟೀಚರಮ್ಮ ಕಾರ್ಬನ್ ಹಾಳೆಯ ಕೆಳಗಿನ ಪ್ರತಿಯನ್ನು ಜೋಪಾನವಾಗಿ ಹರಿದು, ನಾಲ್ಕಾಗಿ ಮಡಚಿ, ಕೈಚೀಲದ ಒಳಜೇಬಿಗೆ ಹಾಕಿಕೊಂಡರು. ಆಮೇಲೆ ಗಂಡನ ತೋಳನ್ನು ತಡಕಿ ಗಟ್ಟಿಯಾಗಿ ಹಿಡಿದುಕೊಂಡರು.

“ನಕಲು ನನ್ನ ಹತ್ರ ಇರ್ಲಿ” ಎಂದರು. “ಇನ್ನಾರು ತಿಂಗಳಾದ್ಮೇಲೆ ನನಗೆ ಏನೂ ಓದೋಕಾಗಲ್ಲ. ದಿನಾ ಬೆಳಗ್ಗೆ ಆರೂ ಇಪ್ಪತ್ತಕ್ಕೆ ನೀವೇ ಓದಿ ಹೇಳ್ಬೇಕು.”